ಬಹಾಮಾಸ್‌ನಲ್ಲಿ ನಿಜಕ್ಕೂ ತೆರಿಗೆ ಇಲ್ಲವೇ?

ಅಮೆರಿಕದ ಫ್ಲಾರಿಡಾ ಬಳಿಯ ದ್ವೀಪರಾಷ್ಟ್ರ ಬಹಾಮಾಸ್ ಬಗ್ಗೆ, ‘ಅಲ್ಲಿನ ಜನ ತೆರಿಗೆಯನ್ನೇ ಕಟ್ಟುವುದಿಲ್ಲ, ಪ್ರವಾಸಿಗರ ದುಡ್ಡಿನಲ್ಲೇ ದೇಶ ನಡೆಯುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ತಲೆ ಎತ್ತುತ್ತದೆ. ಹಂಚಿದವರನ್ನು ದೂರುವಂತಿಲ್ಲ, ಅದರಲ್ಲಿ ಅರ್ಧ ನಿಜವಿದೆ. ಅಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಪ್ರವಾಸೋದ್ಯಮವೇ ಆರ್ಥಿಕತೆಯ ಬೆನ್ನೆಲುಬು.

ಆದರೆ ತೆರಿಗೆ ಅಂಗಡಿಯ ರಸೀದಿಯಲ್ಲೇ ಇದೆ. 2015ರಲ್ಲಿ ಶೇ 7.5ರ ಮೌಲ್ಯವರ್ಧಿತ ತೆರಿಗೆ ಜಾರಿಯಾಯಿತು. 2018ರಲ್ಲಿ ಅದು ಶೇ 12ಕ್ಕೇರಿ, 2022ರಲ್ಲಿ ಶೇ 10ಕ್ಕೆ ಇಳಿಯಿತು. ಬಳಕೆಯ ಸಾಮಾನು ಬಹುಪಾಲು ಹೊರಗಿನಿಂದ ಬರುವುದರಿಂದ ಹಲವು ವಸ್ತುಗಳ ಬೆಲೆಯಲ್ಲಿ ಆಮದು ಸುಂಕವೂ ಅಡಗಿರುತ್ತದೆ. ಸಂಬಳದಿಂದ ರಾಷ್ಟ್ರೀಯ ವಿಮೆಯ ಕಂತು ಕಡಿತವಾಗುತ್ತದೆ. ವಸ್ತುಗಳ ಬೆಲೆಯೊಳಗೆ ಸೇರಿ ಬರುವ ಪರೋಕ್ಷ ತೆರಿಗೆ ಸಿರಿವಂತರಿಗಿಂತ ಹೋಟೆಲ್ ಕೋಣೆ ಗುಡಿಸುವವರಿಗೇ ಹೆಚ್ಚು ತಟ್ಟುತ್ತದೆ. ಸಂದೇಶ ಮರೆಮಾಚುವುದು ಇದನ್ನೇ.

ಪ್ರವಾಸಿಗರ ಹಣವೆಲ್ಲ ಅಲ್ಲಿಯೇ ಉಳಿಯುವುದೂ ಇಲ್ಲ. ಬರುವವರಲ್ಲಿ ಹೆಚ್ಚಿನವರು ಕ್ರೂಸ್ ಹಡಗಿನ ಪ್ರಯಾಣಿಕರು. ಅವರ ಊಟ, ನಿದ್ದೆ ಹಡಗಿನಲ್ಲೇ. ರಾಜಧಾನಿ ನಸ್ಸಾವು ಬಂದರಿನಲ್ಲಿ ಇಳಿದು, ಹುಲ್ಲಿನಿಂದ ಹೆಣೆದ ಬುಟ್ಟಿಯನ್ನೋ ಟೋಪಿಯನ್ನೋ ಕೊಂಡು ಮರಳುತ್ತಾರೆ. 2020ರಲ್ಲಿ ಕೋವಿಡ್‌ನಿಂದ ಹಡಗುಗಳು ನಿಂತಾಗ ದೇಶದ ಒಟ್ಟು ಉತ್ಪನ್ನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು.

ಇಂಥ ಸಂದೇಶ ಬಂದರೆ ಮೊದಲು ‘ಯಾವ ತೆರಿಗೆ, ಯಾವ ವರ್ಷ?’ ಎಂದು ಕೇಳಿ. ಆ ದೇಶದ ಸರ್ಕಾರದ ಜಾಲತಾಣದಲ್ಲಿ ಬಜೆಟ್ ತೆರೆದು ಆದಾಯದ ಪಟ್ಟಿ ನೋಡಿ. ಮೌಲ್ಯವರ್ಧಿತ ತೆರಿಗೆಯ ಸಾಲು ಕಣ್ಣಿಗೆ ಬೀಳುತ್ತದೆ. ಪ್ರವಾಸಿಗರ ಸಂಖ್ಯೆ ಕೊಟ್ಟಿದ್ದರೆ, ರಾತ್ರಿ ತಂಗಿದವರನ್ನೂ ಹಡಗಿನಲ್ಲಿ ಬಂದುಹೋದವರನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆಯೇ ಎಂದು ಪರಿಶೀಲಿಸಿ.