ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ

"ಸಣ್ಣ ವಿಮಾನದ ಎಂಜಿನ್ ನಿಂತರೆ ಅದು ಕಲ್ಲಿನ ಹಾಗೆ ನೆಟ್ಟಗೆ ಬೀಳುತ್ತದೆ" ಎಂಬ ಮೆಸೇಜ್ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಪೈಲಟ್ ತರಬೇತಿಗೆ ಹೋದ ಮಕ್ಕಳ ಮನೆಯವರು ಓದಿದರೆ ಸುಮ್ನೆ ಹೆದರುತ್ತಾರೆ, ಅಲ್ವಾ?

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಗಾಳಿ ಜಾಸ್ತಿ ಇಲ್ಲದಿದ್ದರೆ ಸೆಸ್ನಾ 172 ಎಂಬ ಸಣ್ಣ ತರಬೇತಿ ವಿಮಾನ ಎಂಜಿನ್ ಇಲ್ಲದೆಯೂ 1 ಕಿ.ಮೀ. ಎತ್ತರದಿಂದ ಸುಮಾರು 9 ಕಿ.ಮೀ. ದೂರ ತೇಲುತ್ತದೆ. ಅದಕ್ಕೆ ಪೈಲಟ್ ಮೊದಲು ಮೂತಿ ತಗ್ಗಿಸಿ, ಗಂಟೆಗೆ ಸುಮಾರು 125 ಕಿ.ಮೀ. ವೇಗ ಉಳಿಸಿಕೊಳ್ಳಬೇಕು. ಗಾಬರಿಯಲ್ಲಿ ಮೂತಿ ಎತ್ತಿದರೆ ವೇಗ ಕುಸಿದು, ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲು ಆಗುವುದಿಲ್ಲ. ನಿಜವಾದ ಅಪಾಯ ಅದು. ಆಮೇಲೆ ಇಳಿಯಲು ಜಾಗ ಹುಡುಕುವುದು, ಎಂಜಿನ್ ಮತ್ತೆ ಚಾಲೂ ಮಾಡಿ ನೋಡುವುದು, ರೇಡಿಯೋದಲ್ಲಿ ಮೇಡೇ ಕರೆ, ಅಂದರೆ ತುರ್ತು ಸಹಾಯದ ಕೂಗು.

ನಮ್ಮಲ್ಲಿ ಕಷ್ಟವಿರುವುದು ನೆಲದಲ್ಲಿ. ಬೆಟ್ಟ, ಕರೆಂಟ್ ತಂತಿ, ಕಾಫಿ ತೋಟದ ಸಿಲ್ವರ್ ಓಕ್ ಮರ. ಕೊಯ್ಲಾದ ಒಣ ಗದ್ದೆ ಸಿಕ್ಕರೆ ಒಳ್ಳೆಯದು. ಮಳೆಗಾಲದ ಕೆಸರಿನಲ್ಲಿ ಚಕ್ರ ಹೂತು ವಿಮಾನ ಮಗುಚಬಹುದು.