ಅಂಗಾರಕ ಸಂಕಷ್ಟಿ ಮತ್ತು ಪಕ್ಕದ ಮನೆ ಟ್ಯಾಂಕು

ಮೊನ್ನೆ ಸಂಕಷ್ಟಿ ಮಂಗಳವಾರ ಬಂತು, ಅಂಗಾರಕ ಸಂಕಷ್ಟಿ. ಉಪವಾಸ ನಮ್ಮನೆಯವಳದು, ಹಸಿವು ನನ್ನದು. ಕ್ಯಾಲೆಂಡರಿನಲ್ಲಿ ಚಂದ್ರೋದಯ 9.14 ಅಂತಿತ್ತು. ಅದು ಬೆಂಗಳೂರಿನ ಲೆಕ್ಕ. ನಮ್ಮ ಕೋಲಾರದಲ್ಲಿ ಎರಡು ನಿಮಿಷ ಮೊದಲೇ ಹುಟ್ಟುತ್ತಾನೆ. ಬೆಂಗಳೂರಿಗಿಂತ ಮುಂಚೆ ನಮಗೆ ಸಿಗುವುದು ಅದೊಂದೇ. ಅದನ್ನೂ ಪಕ್ಕದ ಮನೆಯವರು ಕಿತ್ತುಕೊಂಡರು. ಮೂರನೇ ಮಹಡಿ ಎಬ್ಬಿಸಿ, ಮೇಲೆ ಎರಡು ಕರಿ ಟ್ಯಾಂಕ್ ಕೂರಿಸಿದ್ದಾರೆ. ನಲ್ಲಿಯಲ್ಲಿ ನೀರಿಗೆ ಬರ, ಟ್ಯಾಂಕಿಗೇನೂ ಬರವಿಲ್ಲ.

"ರೀ, ಇನ್ನೊಂದ್ಸಲ ಮೇಲೆ ಹೋಗಿ ನೋಡಿ" ಅಂದಳು. ಮೂರನೇ ಸಲ.

ತಾರಸಿಯಲ್ಲಿ ನಿಂತು, ಮಂಗಳ ಗ್ರಹದಲ್ಲೇ ಮನೆ ಮಾಡಿದ್ದರೆ ಅಂದುಕೊಂಡೆ. ಅಂಗಾರಕ ಅಂದರೆ ಅವನೇ ಅಲ್ವಾ. ಅವನಿಗೆ ಇಬ್ಬರು ಚಂದ್ರರು, ಫೋಬೋಸ್ ಮತ್ತು ಡೀಮೋಸ್. ಅಲ್ಲಿ ಫೋಬೋಸ್ ಪಶ್ಚಿಮದಲ್ಲಿ ಹುಟ್ಟುತ್ತಾನೆ. 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು. ಗ್ರಹ ತಿರುಗುವುದಕ್ಕಿಂತ ಅವನ ಓಟವೇ ಜಾಸ್ತಿ. ನಮ್ಮೂರಲ್ಲಾದರೆ ಅಂತರಗಂಗೆ ಬೆಟ್ಟದ ಹಿಂದಿನಿಂದ ಬರಬೇಕು. ಆ ಕಡೆ ಯಾರ ಟ್ಯಾಂಕೂ ಅಡ್ಡ ಇಲ್ಲ. ಹನ್ನೊಂದು ಗಂಟೆಗೊಮ್ಮೆ ಉದಯ, ಊಟಕ್ಕೆ ಮೋಸವಿಲ್ಲ. ಡೀಮೋಸನ್ನು ನಂಬಿ ಉಪವಾಸ ಕೂತರೆ ಮಾತ್ರ ಕೆಟ್ಟೆವು. ಒಮ್ಮೆ ಮುಳುಗಿದರೆ ಎರಡೂವರೆ ದಿನಕ್ಕೂ ಜಾಸ್ತಿ ಹೊತ್ತು ಮುಖ ತೋರಿಸುವುದಿಲ್ಲ.

ಇವರಿಬ್ಬರನ್ನೂ ಕಂಡುಹಿಡಿದ ಖಗೋಳಜ್ಞ ಅಸಾಫ್ ಹಾಲ್‌ನ ಪಾಡೂ ನನ್ನ ಪಾಡೇ. 1877ರ ಆಗಸ್ಟ್, ವಾಷಿಂಗ್ಟನ್. ದೂರದರ್ಶಕಕ್ಕೆ ಕಣ್ಣಿಟ್ಟು ಕೂತು ಏನೂ ಸಿಗದೆ, ಸಾಕಪ್ಪ ಅನ್ನಿಸಿತ್ತು. ಹೆಂಡತಿ ಆಂಜಲೀನ್ ಬಿಡಲಿಲ್ಲ. ಇನ್ನೊಂದು ಸಲ ನೋಡಿ ಅಂತ ಅಟ್ಟಿದಳು. ಹೋದ. 11ರ ರಾತ್ರಿ ಮಂಗಳನ ಹತ್ತಿರ ಮಸುಕಾದ ಚುಕ್ಕಿಯೊಂದು ಕಂಡಿತು. ಕಂಡಿತು ಅನ್ನುವಷ್ಟರಲ್ಲಿ ಪೊಟೊಮ್ಯಾಕ್ ನದಿಯಿಂದ ಮಂಜು ಎದ್ದು ಬಂತು. ಆಮೇಲೆ ಮೋಡ, ದಿನಗಟ್ಟಲೆ. ಅಷ್ಟು ದಿನ ಮನೆಗೆ ಹೋಗಿ ಏನು ಹೇಳಿದನೋ ಪಾಪ. ನಾನಾದರೆ ಸುಮ್ನೆ ತಲೆ ತಗ್ಗಿಸಿ ಮೆಟ್ಟಿಲಿಳಿಯುತ್ತೇನೆ. ಮೋಡ ಸರಿದ ಮೇಲೆ ಚುಕ್ಕಿ ಡೀಮೋಸ್ ಅಂತ ಖಾತ್ರಿಯಾಯಿತು, 17ಕ್ಕೆ ಫೋಬೋಸೂ ಸಿಕ್ಕ. ಫೋಬೋಸ್ ಮೇಲಿನ ಅತಿ ದೊಡ್ಡ ಕುಳಿಗೆ ಆಕೆಯ ತವರಿನ ಹೆಸರು, ಸ್ಟಿಕ್ನಿ. ಇಡೀ ಚಂದ್ರನೇ ಸುಮಾರು 22 ಕಿಲೋಮೀಟರ್, ಅದರಲ್ಲಿ ಕುಳಿಯೇ 9 ಕಿಲೋಮೀಟರ್. ಗಂಡನನ್ನು ಅಟ್ಟಿದ್ದಕ್ಕೆ ತಕ್ಕ ಮರ್ಯಾದೆ. ನಮ್ಮನೆಯವಳ ಹೆಸರು ಸದ್ಯಕ್ಕೆ ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ಇದನ್ನು ಅವಳಿಗೆ ಹೇಳಲು ಹೋಗಿಲ್ಲ.

2014ರಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳನ ನೆಲದಿಂದ ತೆಗೆದ ಫೋಟೋದಲ್ಲಿ ಭೂಮಿ ಸಂಜೆಯ ಚುಕ್ಕಿ. ಪಕ್ಕದಲ್ಲೇ ಚಂದ್ರ. 16 ಕೋಟಿ ಕಿಲೋಮೀಟರ್ ಆಚೆಗೆ ಕಾಣುವ ಚಂದ್ರ ನನ್ನ ತಾರಸಿಗೆ ಕಾಣುವುದಿಲ್ಲ ಅಂದರೆ ಮನುಷ್ಯನಿಗೆ ಸಿಟ್ಟು ಬರಬಾರದೇ?

10.20ಕ್ಕೆ ಎರಡು ಟ್ಯಾಂಕುಗಳ ಸಂದಿಯಲ್ಲಿ ಇಣುಕಿದ. "ಬಂದ, ಬೇಗ ಬಾ" ಅಂತ ಕೂಗಿದೆ. ಅವಳು ಗರಿಕೆ, ನೀರು, ಆರತಿ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎರಡನೇ ಟ್ಯಾಂಕಿನ ಹಿಂದೆ ಸೇರಿಕೊಂಡಿದ್ದ.

"ಎಲ್ರೀ?" ಅಂದಳು.