ಲದ್ದಿ ಎತ್ತೋದು ಸವಾರನ ಕೆಲಸ
ಕುದುರೆ ಸವಾರರು ವಾಕಿಂಗ್ ಹಾದಿಯಲ್ಲಿ ಲದ್ದಿ ಎತ್ತದೇ ಹಾಗೇ ಬಿಟ್ಟು ಹೋಗುತ್ತಾರೆ ಅಂತ ಒಬ್ಬರು ಬರೆದದ್ದು ಖರೇ ಅದ. ಕಲಬುರಗಿಯ ಅಪ್ಪನ ಕೆರೆ ಹತ್ತಿರ ಮೊನ್ನೆ ನಸುಕಿನಲ್ಲಿ ನಮ್ಮವ್ವ ಲದ್ದಿ ಮೇಲೆ ಕಾಲಿಟ್ಟು ಜಾರಿಬಿದ್ದಳು. ಮೊಣಕೈ ತರಚಿತ್ತು, ಗಾಯದೊಳಗೇ ಹುಲ್ಲಿನ ನಾರು ಮೆತ್ತಿತ್ತು. ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು ಅಂತ ಅವತ್ತೇ ಟಿಟಿ ಇಂಜೆಕ್ಷನ್ ಹಾಕಿಸಿದೆವು. ದೊಡ್ಡ ಕುದುರೆ ದಿನಕ್ಕೆ ಸುಮಾರು 15–20 ಕಿಲೋ ಲದ್ದಿ ಹಾಕುತ್ತದೆ, ಅದು ಕುದುರೆಯ ತಪ್ಪಲ್ಲ. ಮದುವೆ ಮೆರವಣಿಗೆಯದಾಗಲಿ, ಶೋಕಿಯ ಸವಾರಿಯಾಗಲಿ, ಬಾಲದ ಕೆಳಗೊಂದು ಚೀಲ ಕಟ್ಟಬಹುದು. ಒಯ್ದು ಕೊಟ್ಟರೆ ತೊಗರಿ ಹೊಲದವರು ತಿಪ್ಪೆಗೆ ಹಾಕಿ, ಕೊಳೆಸಿ, ಗೊಬ್ಬರ ಮಾಡಿಕೊಳ್ಳುತ್ತಾರೆ. ಕುದುರೆಗಳೇ ಬ್ಯಾಡ ಅಂತ ನಾನಂತೂ ಹೇಳೋದಿಲ್ಲ. ನಮ್ಮಜ್ಜ ಟಾಂಗಾ ಹೊಡೆದವರು. ಸಂಜೆ ಕುದುರೆ ಬಿಚ್ಚುವ ಮೊದಲು ನಿಂತ ಜಾಗ ತಾವೇ ಗುಡಿಸುತ್ತಿದ್ದರು.